ಹಿಟ್ಟು ಮೆತ್ತಿದ ಆಂಟೆನಾ

ನಮ್ಮ ಓರಾನ್ ಬಂದರಿನಲ್ಲಿ ಮಿಲೂದ್ ಕ್ರೇನ್ ನಡೆಸುತ್ತಿದ್ದಾಗ ಅವನ ಗಂಟಲಿನ ಮುಂದೆ ಹಡಗಿನ ಸೈರನ್ನೂ ಸಪ್ಪೆ. ಪಾರ್ಶ್ವವಾಯು ಹೊಡೆದ ಮೇಲೆ ಮಾತು ತೊದಲತೊಡಗಿತು. ಕೆಫೆಯಲ್ಲಿ ಯಾವನೋ ಅದನ್ನು ಅಣಕಿಸಿದನಂತೆ, ಅವನ ನಾಲಿಗೆಗೆ ಹುಳ ಬೀಳಲಿ! ಅಂದಿನಿಂದ ಮಿಲೂದ್ ಕೆಫೆಯನ್ನೂ ಬಿಟ್ಟ, ಮಾತನ್ನೂ ಬಿಟ್ಟ. ಏನು ಬೇಕಾದರೂ ಕೋಲಿನಿಂದ ನೆಲ ಕುಟ್ಟುತ್ತಿದ್ದ.

"ಆಡ್ತಾ ಆಡ್ತಾ ಮಾತು ಸರಿಹೋಗುತ್ತೆ ಅಂದ್ರು ಡಾಕ್ಟ್ರು. ಇವ್ರು ಬಾಯಿ ಬಿಟ್ರೆ ತಾನೇ ಅಕ್ಕಾ!" ಎಂದು ಅವನ ಹೆಂಡತಿ ಖೇರಾ ಎದುರು ಮನೆಯವಳಾದ ನನ್ನ ಮುಂದೆ ಅತ್ತಳು.

ಆದರೆ ಅಳುತ್ತ ಕೂರುವವಳಲ್ಲ ಅವಳು. ಮದುವೆಗೆ ಮುಂಚೆ ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದ ಕೈ. ಡಿಶ್ಶು ಕಾಣದ ಕಾಲ ಅದು, ಅಕ್ಕಪಕ್ಕದ ತಾರಸಿಗಳಲ್ಲೂ ಕೈಯಾರೆ ಕಟ್ಟಿದ ಆಂಟೆನಾಗಳೇ. ಗಂಡನಿಗೆ ಮನೆಯ ಟಿವಿಯಲ್ಲೇ ಸಮುದ್ರದಾಚೆಯ ಸ್ಪೇನಿನ ಫುಟ್‌ಬಾಲ್ ತೋರಿಸುತ್ತೇನೆಂದು ಹಟ ಹಿಡಿದಳು. ಕುಸ್ಕುಸ್ ರವೆಯನ್ನು ಹಬೆಯಲ್ಲಿ ಬೇಯಿಸುವ ತೂತಿನ ಪಾತ್ರೆಯನ್ನು ಸಮುದ್ರದ ಕಡೆ ಮುಖ ಮಾಡಿ ತಾರಸಿಯ ಕಂಬಕ್ಕೆ ಬಿಗಿದು, ನಡುವೆ ತಾಮ್ರದ ತಂತಿ ನಿಲ್ಲಿಸಿದಳು. ಅದು ಅಲುಗದಂತೆ ಬುಡಕ್ಕೆ ಹಿಟ್ಟಿನ ಪಟ್ಟಿ ಮೆತ್ತಿದಳು. ಪ್ರತಿ ಶುಕ್ರವಾರ ಕುಸ್ಕುಸ್ ಮಾಡುವಾಗ ಹಬೆ ಸೋರದಂತೆ ಪಾತ್ರೆಯ ಸಂದಿಗೆ ನಾವೆಲ್ಲ ಮೆತ್ತುವುದೂ ಅದನ್ನೇ. ಒಣಗಿದರೆ ಕಲ್ಲು.

"ಶುಕ್ರವಾರ ಏನೇ ತಿಂತೀರಾ, ಆಂಟೆನಾನಾ?" ಎಂದೆ.

"ನಿಮ್ಮನೇದು ಇದೆಯಲ್ಲಕ್ಕಾ," ಎಂದಳು ಕಳ್ಳಿ.

ಚಿತ್ರ ಬಂತು. ಮಿಲೂದ್ ಕಣ್ಣರಳಿಸಿ ನೋಡಿದ, ಮಾತು ಮಾತ್ರ ಇಲ್ಲ. ಒಂದು ಭಾನುವಾರ ಆಟ ಕಾವೇರಿದ್ದಾಗಲೇ ತೆರೆ ತುಂಬ ಬರೀ ಚುಕ್ಕೆ. ನಾನೂ ಖೇರಾಳೂ ತಾರಸಿಗೆ ಓಡಿದೆವು. ಪಾರಿವಾಳಗಳು ಹಿಟ್ಟನ್ನೆಲ್ಲ ಕುಕ್ಕಿ ತಿಂದಿದ್ದವು. ತಂತಿ ಜೋತುಬಿದ್ದು, ಪಾತ್ರೆಯೂ ಪಕ್ಕಕ್ಕೆ ತಿರುಗಿತ್ತು.

"ತಿನ್ನೋ ಹಿಟ್ಟು ಮೆತ್ತಿದ್ರೆ ಹಕ್ಕಿ ಬಿಡ್ತವೇನೇ ಪೆದ್ದಿ!" ಎಂದು ಬೈಯುತ್ತ ನಾನು ತಂತಿಯನ್ನು ನೆಟ್ಟಗೆ ಹಿಡಿದು ನಿಂತೆ. ಖೇರಾ ಪಾತ್ರೆ ತಿರುಗಿಸುತ್ತ ಕೆಳಗೆ ಕೂಗಿದಳು: "ಏನ್ರೀ, ಬಂತಾ?"

ಕೋಲು ಕುಟ್ಟಿದ ಸದ್ದು.

"ಕುಟ್ಟಿದ್ರೆ ನಂಗೇನ್ರೀ ಗೊತ್ತಾಗುತ್ತೆ! ಬಂತೋ, ಇಲ್ವೋ?"

ಮತ್ತೆ ಕೋಲು. ಅಷ್ಟರಲ್ಲಿ ಪಕ್ಕದ ಮನೆಗಳಿಂದ "ಗೋಲ್!" ಎಂಬ ಬೊಬ್ಬೆ ಎದ್ದಿತು. ಮರುಗಳಿಗೆಯೇ ನಮ್ಮ ಕೆಳಗಿನ ಕಿಟಕಿ ಧಡಾರನೆ ತೆರೆಯಿತು.

"ಇ... ಇಲ್ಲ! ಎಡ... ಎಡಕ್ಕೆ ಕಣೇ, ಕ... ಕತ್ತೆ!"

ಬೀದಿಯಲ್ಲಿ ಸಾರ್ಡೀನ್ ಮಾರುವವನು ತಕ್ಕಡಿ ಹಿಡಿದೇ ತಲೆಯೆತ್ತಿ ನೋಡಿದ. ಖೇರಾ ಒದ್ದೆ ಕೆನ್ನೆ ಒರೆಸಿಕೊಳ್ಳಲೂ ಇಲ್ಲ, ಎಡಕ್ಕೆ ತಿರುಗಿಸಿದಳು.

"ಬಂ... ಬಂತು! ಸಾಕು, ಮು... ಮುಟ್ಬೇಡ!"

"ಅಬ್ಬಾ, ಬಂತಂತೆ, ಬಾರೇ ಇಳಿಯೋಣ," ಎಂದೆ ನಾನು.

"ತಡೀರಕ್ಕಾ," ಎಂದು ಅವಳು ಪಾತ್ರೆಯನ್ನು ಮತ್ತೆ ಬಲಕ್ಕೆ ತಿರುಗಿಸಿದಳು.