ಚೌಡಮ್ಮಜ್ಜಿಯ ಹೊಲದಲ್ಲಿ ನಿಂತ ರೈಲು

ಕೊತ್ತಂಬರಿ ಕಟ್ಟು ಬಿಚ್ಚಿದರೆ ಸಾಕು, ಆ ಹಸಿ ವಾಸನೆಯ ಜೊತೆ ವೈಟ್‌ಫೀಲ್ಡ್ ಆಚೆಗಿದ್ದ ನಮ್ಮ ಹೆಂಚಿನ ಮನೆ, ಅದರ ತಣ್ಣನೆಯ ಹಜಾರ, ಅಲ್ಲಿ ಕಾಲು ಚಾಚಿ ಕೂತು ಸೊಪ್ಪು ಕಟ್ಟುತ್ತಿದ್ದ ಚೌಡಮ್ಮಜ್ಜಿ ಎಲ್ಲ ಎದ್ದು ಬರುತ್ತವೆ. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದಿರಬಹುದು. ಚೌಡಮ್ಮಜ್ಜಿ ನಮ್ಮ ತಾತನ ತಂಗಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳಿಗೆ ಅವಳಪ್ಪ ರೈಲು ಹಳಿಯ ಪಕ್ಕದ ಮೂರು ಎಕರೆ ಬರೆದುಕೊಟ್ಟಿದ್ದ. ಆ ಕೆಂಪು ಮಣ್ಣಿನಲ್ಲಿ ಅವಳು ಬೆಳೆಯದ ಸೊಪ್ಪಿಲ್ಲ. ರೈಲು ಹಾದುಹೋದಾಗಲೆಲ್ಲ ಕುಡುಗೋಲು ಹಿಡಿದ ಕೈಯನ್ನೇ ಎತ್ತಿ ಬೀಸುತ್ತಿದ್ದಳು. ಒಮ್ಮೆಯೂ ಹತ್ತಿದವಳಲ್ಲ. "ನಿಂತ್ರೆ ತಾನೆ ಅತ್ತೋದು?" ಎಂದು ನಗುತ್ತಿದ್ದಳು.

ರೈಲು ನಿಲ್ಲುವಂತೆ ಮಾಡಿದ್ದು ತಾತ. ನಿಲ್ದಾಣಕ್ಕೆ ಜಾಗ ಕೊಟ್ಟರೆ ತರಕಾರಿ ಬೇಗ ಪೇಟೆ ಸೇರುತ್ತದೆ, ಸುತ್ತ ಅಂಗಡಿಗಳೇಳುತ್ತವೆ, ಹೊಸ ಊರೇ ಹುಟ್ಟುತ್ತದೆ ಎಂದು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದ. ಆದರೆ ಅವನು ಕೊಟ್ಟ ಜಾಗ ತಂಗಿಯದು. ರೇಷನ್ ಕಾರ್ಡಿಗೆ ಎಂದು ಹೇಳಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಕೊಯ್ಲಿಗೆ ಬಂದ ಸೊಪ್ಪಿನ ಮೇಲೆ ಜಲ್ಲಿ ಸುರಿದ ದಿನವೇ ಅವಳಿಗೆ ಗೊತ್ತಾದದ್ದು. ಹೊಲದಲ್ಲಿ ಕುಸಿದು ಕೂತವಳನ್ನು ತಾತ ತೋಳು ಹಿಡಿದು ಎಬ್ಬಿಸಿ, "ಮಕ್ಳಿಲ್ಲ ಮರಿಯಿಲ್ಲ, ನಿಂಗ್ಯಾಕೆ ಒಲ? ಎರಡೊತ್ತು ಇಟ್ಟು ಆಕ್ತಿಲ್ವಾ ನಾನು?" ಎಂದ.

ಮೊದಲ ರೈಲು ನಿಲ್ಲುವ ದಿನ ಮನೆಮಂದಿಗೆಲ್ಲ ಹೊಸ ಬಟ್ಟೆ. ಚೌಡಮ್ಮಜ್ಜಿಯೂ ಒಗೆದ ಸೀರೆಯುಟ್ಟು ನನ್ನ ಕೈ ಹಿಡಿದು ಬಾಗಿಲಿಗೆ ಬಂದಳು. ಇಂಜಿನ್ನಿಗೆ ಹಾಕುವ ಹಾರ ಹಿಡಿದು ನಿಂತಿದ್ದ ತಾತ, "ಒಳ್ಳೆ ಕೆಲ್ಸಕ್ಕೆ ನೀನೆಲ್ಲಿಗೆ?" ಎಂದು ಅವಳನ್ನು ಕಾಳಿನ ಕೋಣೆಗೆ ನೂಕಿದ. ನನ್ನ ಕಡೆ ತಿರುಗಿ, "ಚಿಲ್ಕ ಆಕು ಮಗಾ, ರೈಲಲ್ಲಿ ಕೂರುಸ್ತೀನಿ," ಎಂದ. ನನಗಾಗ ಏಳು ವರ್ಷ. ತುದಿಗಾಲಲ್ಲಿ ನಿಂತು ಚಿಲಕ ಹಾಕಿದೆ. ಅವಳು ಕಿರುಚಲಿಲ್ಲ. "ತೆಗಿಯವ್ವ, ದೂರದಿಂದ ನೋಡ್ಕಂಡು ಬತ್ತೀನಿ," ಎಂದಳು. ನಾನು ಓಡಿಬಿಟ್ಟೆ. ಮುಂದಿನ ನಿಲ್ದಾಣದವರೆಗೂ ಕಿಟಕಿಯ ಪಕ್ಕ ಕೂತು ಹೋದೆ. ಅಂಥ ಸಂತೋಷ ನನಗೆ ಆಮೇಲೆ ಎಂದೂ ಆಗಿಲ್ಲ, ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸಂಜೆ ಅಮ್ಮ ಬಾಗಿಲು ತೆಗೆದಾಗ ಚೌಡಮ್ಮಜ್ಜಿ ಮುಖ ತೊಳೆದುಕೊಂಡು ಒಲೆ ಹಚ್ಚಿದಳು. ನನಗೆ ಮುದ್ದೆ ಬಡಿಸುತ್ತಾ, "ಎಷ್ಟೊತ್ತು ನಿಂತಿತ್ತವ್ವಾ ರೈಲು?" ಎಂದು ಕೇಳಿದಳು.

"ಎರಡು ನಿಮಿಷ," ಎಂದೆ.

"ಅಷ್ಟೇನಾ," ಎಂದು ಸಾರಿನ ಸೌಟಿಗೆ ಕೈ ಹಾಕಿದಳು.

ಆಮೇಲೆ ಆರು ವರ್ಷ ಬದುಕಿದಳು. ಹಳಿಯ ಕಡೆ ಕಾಲಿಡಲಿಲ್ಲ, ಊರವರ ಸೊಪ್ಪು ಕಟ್ಟಿಕೊಡುತ್ತಿದ್ದಳು. ಅವಳು ತೀರಿಕೊಂಡ ಮಧ್ಯಾಹ್ನ ತಾತ ಪೇಟೆಯ ತರಕಾರಿ ಮಂಡಿ ಸಾಹುಕಾರರಿಗೆ ಹಜಾರದಲ್ಲಿ ಊಟ ಹಾಕಿಸುತ್ತಿದ್ದ. ಅವರು ಎಲೆ ಬಿಟ್ಟು ಏಳುವವರೆಗೂ ಯಾರೂ ಅಳಕೂಡದು ಎಂದ. ನಾವ್ಯಾರೂ ಅಳಲಿಲ್ಲ.

ಮನೆಯಿದ್ದ ಜಾಗದಲ್ಲಿ ಈಗ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ಮೊನ್ನೆ ಅಲ್ಲಿನವರು ಊರು ಹುಟ್ಟಿದ ಕಥೆ ಕೇಳಲು ನನ್ನನ್ನು ಕರೆಸಿ ಶಾಲು ಹೊದಿಸಿದರು. "ಮೇಡಂ, ಈ ಊರು ಕಟ್ಟಿದ್ದು ನಿಮ್ ತಾತಾನೇ ಅಲ್ವಾ?" ಎಂದು ಮೈಕು ಹಿಡಿದ ಹುಡುಗಿ ಕೇಳಿದಳು. ಚೌಡಮ್ಮಜ್ಜಿಯನ್ನು ಕಂಡವರು ಆ ಸಭೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಮೊಮ್ಮಕ್ಕಳು ಕೂತಿದ್ದರು.

"ಹೌದಮ್ಮ," ಎಂದೆ. "ನಮ್ಮ ತಾತಾನೇ."