ಬೆನ್ನು ಹಾಕಿ ಕೂತ ದೇಜಪ್ಪ

ಕುವೈತಿನ ಸುಲೈಬಿಯಾ ಕಡೆಯ ಡೈರಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ದನ ನೋಡಿಕೊಂಡಿರುವ ದೇಜಪ್ಪನಿಗೆ ಕುದುರೆ ಕಂಡರೆ ಭಯ, ಟೊಪ್ಪಿ ಹಾಕಿದರೆ ತಲೆ ತುರಿಕೆ. ಕಾಲಿಗೆ ಗಂಬೂಟು, ತಲೆಗೆ ಸುತ್ತಿದ ಹಳೇ ಬೈರಾಸು ಟವೆಲು, ಜೇಬಿನಲ್ಲಿ ಕೆಚ್ಚಲಿಗೆ ಹಚ್ಚುವ ಮುಲಾಮಿನ ಡಬ್ಬಿ. ಅವನ ವೇಷ ಅಷ್ಟೇ. ಮಾತು ಕಡಿಮೆ, ಆಡಿದರೆ ದನಗಳ ಹತ್ತಿರ, ಅದೂ ತುಳುವಿನಲ್ಲಿ.

ಇಂಥವನನ್ನು ಖೈತಾನಿನಲ್ಲಿರುವ ಸೋದರ ಸೊಸೆ ಆಶಾಲತಾಳ ಮಗಳು, ಒಂಬತ್ತು ವರ್ಷದ ಅಮಿತಾ, ಶಾಲೆಯಲ್ಲಿ ದೊಡ್ಡ ಕೌಬಾಯ್ ಮಾಡಿ ಇಟ್ಟಿದ್ದಳು. ಸಿನಿಮಾದಲ್ಲಿ ಕುದುರೆ ಏರಿ, ಹಗ್ಗ ಬೀಸಿ ಹೋರಿ ಕೆಡಹುವವರಿಗಿಂತ ತನ್ನ ಅಜ್ಜ ಒಂದು ಕೈ ಮೇಲಂತೆ!

ಒಂದು ಶುಕ್ರವಾರ ನೋಡಲು ಬಂದೇಬಿಟ್ಟರು. ಆಶಾಲತಾ, ಅಮಿತಾ, ಅವಳ ಗೆಳತಿ ರಿಯೋನಾ, ರಿಯೋನಾಳ ಅಪ್ಪ ಕೊನ್ರಾಡ್. ವಾರವಿಡೀ ಆಫೀಸಿನ ಕಂಪ್ಯೂಟರಿನ ಮುಂದೆ ಕೂರುವ ಕೊನ್ರಾಡ್ ಅಂದು ಅಗಲ ಟೊಪ್ಪಿ ಇಟ್ಟು, ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ಇಳಿದ.

ಮಂಜೇಶ್ವರದ ಕಡೆಯ ಸೂಪರ್‌ವೈಸರ್ ಶಿಹಾಬ್ ಗೇಟಿನಲ್ಲೇ ಹೇಳಿದ್ದ: "ದೇಜು ಭಾಯಿ, ಮೂರು ಗಂಟೆಗೆ ಹಾಲು ಕರೆಯುದುಂಟು. ನಿನ್ನ ನೆಂಟರಿಂದ ದನ ಬೆದರಿ ಹಾಲು ಕಡಿಮೆ ಆಯ್ತೋ, ನಾಳೆಯಿಂದ ನೀನು ಪ್ಯಾಕಿಂಗ್ ಶೆಡ್ಡಿಗೆ. ಖಲಾಸ್!"

ದನ ಬಿಟ್ಟು ಡಬ್ಬಿಗೆ ಲೇಬಲ್ ಅಂಟಿಸುವುದೆಂದರೆ ದೇಜಪ್ಪನಿಗೆ ಬದುಕಿದ್ದೂ ಸತ್ತ ಹಾಗೆ.

"ಹಾರ್ಸೇ ಇಲ್ಲ?" ಎಂದಳು ರಿಯೋನಾ. ಅಮಿತಾಳ ಮುಖ ಬಾಡಿತು.

"ಬೇಜಾರು ಮಾಡ್ಬೇಡ ಮಗಾ, ನಾನಿಲ್ವಾ!" ಎಂದ ಕೊನ್ರಾಡ್, ದೇಜಪ್ಪ ಬಾಯಿ ತೆರೆಯುವ ಮೊದಲೇ ಬೇಲಿ ಹತ್ತಿ ಇಳಿದು ಹಗ್ಗ ಗಿರ್ರನೆ ಬೀಸಿದ. ಅದು ಬಿದ್ದದ್ದು ಅವನದೇ ಕೊರಳಿಗೆ. ಅವನು ಹಾಕಿದ ಬೊಬ್ಬೆಗೆ ದನಗಳು ಬಾಲ ಎತ್ತಿ ದಿಕ್ಕಾಪಾಲು. ಕೊನ್ರಾಡ್ ಸೆಗಣಿಯಲ್ಲಿ ಅಂಗಾತ.

ಮೂರಕ್ಕೆ ಇನ್ನು ಹತ್ತೇ ನಿಮಿಷ. ಹಿಂಡಿನ ಯಜಮಾನ್ತಿ ಬೊಳ್ಳಿ ದೂರದ ಮೂಲೆಯಲ್ಲಿ ಬುಸುಗುಡುತ್ತಿತ್ತು. ಅದು ಹಾಲು ಕರೆಯುವ ಶೆಡ್ಡಿಗೆ ಕಾಲಿಡದೆ ಉಳಿದವು ಇಡುವುದಿಲ್ಲ.

"ಅಟ್ಟಿಸಿಕೊಂಡು ಬನ್ನಿ ಮಾಮಾ!" ಎಂದಳು ಆಶಾಲತಾ.

"ಅಟ್ಟಿಸಿದ್ರೆ ದನ ಬರ್ತದೆ ಮಾರಾಯ್ತಿ, ಹಾಲು ಬರುದಿಲ್ಲ."

ದೇಜಪ್ಪ ಅಂಗಳದ ನಡುವೆ ಬಕೆಟ್ಟು ಕವುಚಿ ಹಾಕಿ, ದನಗಳಿಗೆ ಬೆನ್ನು ಮಾಡಿ ಕೂತ. ಉಗುರು ನೋಡಿಕೊಂಡ. ಆಕಳಿಸಿದ.

"ಅಜ್ಜಾ, ಡು ಸಮ್‌ಥಿಂಗ್!" ಅಮಿತಾಗೆ ಅಳುವೇ ಬಂತು.

"ಮಾಡ್ತಾ ಇದ್ದೇನಲ್ಲ! ನೀನೂ ಬಾ, ಕೂತ್ಕೋ. ಹಿಂದೆ ನೋಡ್ಬೇಡ."

ಅತ್ತ ಶಿಹಾಬ್ ವಾಚು ನೋಡುತ್ತಿದ್ದ. ದೇಜಪ್ಪನ ಎದೆ ಡವಡವ. ಆದರೂ ಹೆಗಲು ಮಾತ್ರ ಸಡಿಲ. ದನ ನೋಡುವುದು ಮನುಷ್ಯನ ಹೆಗಲನ್ನು ಎಂದು ಅವನಿಗೆ ಗೊತ್ತು. ಸುಮ್ಮನೆ ಕೂತವನು ಯಾಕೆ ಕೂತಿದ್ದಾನೆಂದು ತಿಳಿಯದೆ ದನಕ್ಕೆ ತಡೆಯುವುದೂ ಇಲ್ಲ.

ಸ್ವಲ್ಪ ಹೊತ್ತಿಗೆ ಕುತ್ತಿಗೆಗೆ ಬಿಸಿ ಉಸಿರು ತಾಗಿತು. ಬೊಳ್ಳಿ ಬೈರಾಸು ನೆಕ್ಕಿತು. ಹಾಗೇ ಪಕ್ಕದಲ್ಲಿ ಕೂತಿದ್ದ ಅಮಿತಾಳ ಜಡೆಯನ್ನೂ. ದೇಜಪ್ಪ ತಿರುಗದೆ ಎದ್ದು ಶೆಡ್ಡಿನ ಕಡೆ ನಡೆದ. ಹಿಂದೆ ಅಮಿತಾ, ಅವಳ ಹಿಂದೆ ಬೊಳ್ಳಿ, ಅದರ ಹಿಂದೆ ಇಡೀ ಹಿಂಡು, ದಿಬ್ಬಣದ ಹಾಗೆ.

ಯಂತ್ರ ಹಾಕಿದ್ದೇ ನಳಿಗೆಯಲ್ಲಿ ಹಾಲು ಬಿಳಿಬಿಳಿಯಾಗಿ ಓಡಿತು. ಬಗ್ಗಿ ನೋಡಿದ ಶಿಹಾಬ್ ಗಂಟಲು ಸರಿಮಾಡಿಕೊಂಡ. "ಪ್ಯಾಕಿಂಗಿಗೆ ಒಬ್ಬ ಬೇಕಿತ್ತು ಭಾಯಿ. ಈಗ ಯಾರನ್ನು ಕಳಿಸುದು?"

ನಲ್ಲಿಯ ಬಳಿ ಇನ್ನೂ ಕೊರಳಿನ ಗಂಟು ಬಿಚ್ಚುತ್ತಿದ್ದ ಕೊನ್ರಾಡನ ಕಡೆ ದೇಜಪ್ಪ ಗಲ್ಲ ತೋರಿಸಿದ.

"ಅವರನ್ನು ಕಳಿಸಿ. ಗಟ್ಟಿ ಕಟ್ತಾರೆ."