ಬೆನ್ನ ಮೇಲಿನ ಚೀಟಿ

ಬೀದಿಗೆಲ್ಲ ಅವಳು ಕತ್ತರಿ ಅಜ್ಜಿ. ಜೀವಮಾನವೆಲ್ಲ ಹೊಲಿಗೆ ಮೆಷಿನ್ ತುಳಿದವಳು. ನಾಲಿಗೆಯೂ ಅಷ್ಟೇ ಹರಿತ. ಯಾರ ಬಟ್ಟೆಯಲ್ಲಿ ದಾರ ಇಳಿಬಿದ್ದರೂ, ಅಂಗಡಿಯ ಬೆಲೆ ಚೀಟಿ ಉಳಿದಿದ್ದರೂ ಕಿತ್ತೆಸೆಯುವ ತನಕ ಅವಳಿಗೆ ಸಮಾಧಾನವಿಲ್ಲ.

ಹೊರದೇಶದ ಬೇಕರಿಯಲ್ಲಿ ಕೆಲಸಕ್ಕಿದ್ದ ಮಗಳು, ಕೆಮ್ಮುತ್ತಿದ್ದ ಕೂಸನ್ನು ಎತ್ತಿಕೊಂಡು ರಜೆಗೆ ಬಂದಳು. "ಅಲ್ಲಿನ ಡಾಕ್ಟರ್ ಔಷಧಿ ಕೊಟ್ಟಿದ್ದಾರೆ, ನೀನು ತಲೆ ಕೆಡಿಸ್ಕೋಬೇಡಮ್ಮ" ಎಂದಳು. ಸ್ನಾನದ ಕೆಲಸ ಅಜ್ಜಿಯದಾಯಿತು. ದಿನಾ ಕೂಸಿನ ಬೆನ್ನಿಗೆ ಒಂದು ಪುಟ್ಟ ಚೀಟಿ ಅಂಟಿಕೊಂಡಿರುತ್ತಿತ್ತು. ಹೊಸ ಅಂಗಿಗಳದ್ದೇ ಇರಬೇಕೆಂದು, ಮಗಳ ಅಸಡ್ಡೆಯನ್ನು ಬೈಯುತ್ತಾ ಅಜ್ಜಿ ಅದನ್ನು ಕಿತ್ತು ಬಿಸಾಡುತ್ತಿದ್ದಳು. ಕೆಮ್ಮು ಮಾತ್ರ ಹೆಚ್ಚುತ್ತಲೇ ಹೋಯಿತು.

ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು, ಅಜ್ಜಿ ಚೀಟಿ ಕೀಳುವುದನ್ನು ಕಂಡ ಮಗಳು ಚೀರಿದಳು.

"ಅಮ್ಮಾ, ಆ ಚೀಟೀನೇ ಕೆಮ್ಮಿನ ಔಷಧಿ! ಚರ್ಮದಿಂದ ಒಳಗೆ ಇಳಿಯುತ್ತೆ. ನೀರಿಗೆ ಕಳಚ್ತಿದೆ ಅಂದ್ಕೊಂಡು ದಿನಾ ಹೊಸದು ಅಂಟಿಸ್ತಿದ್ದೆ. ಕೀಳೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?"

ಅಜ್ಜಿ ಕೆಂಡಾಮಂಡಲವಾದಳು. "ಔಷಧಿ ಅಂದ್ರೆ ಬಾಟ್ಲಿ, ಚಮಚ ಅಂದ್ಕೊಂಡಿರೋಳು ನಾನು. ತಲೆ ಕೆಡಿಸ್ಕೋಬೇಡ ಅಂದು ನನ್ನ ಬಾಯಿ ಮುಚ್ಚಿಸಿದೋಳು ನೀನು. ನನ್ನನ್ನ ನಂಬಿ ಕೂಸನ್ನೇ ಕೈಗೆ ಕೊಟ್ಟೆಯಲ್ಲ, ಅದರ ಔಷಧಿ ಯಾವುದು ಅಂತ ಹೇಳೋಕೆ ನಂಬಿಕೆ ಸಾಲಲಿಲ್ವಾ?"